ಅಸ್ತರು ಹಾಕಿದ ಕ್ಯಾನ್ವಾಸ್ ಚೀಲ, ಆಮೇಲೆ ಆರು ಕಲಿಯ ಲಂಗ: ಮನೆ ಮಷಿನ್‌ನಲ್ಲಿ ಹೊಲಿಯುವ ಬಗೆ

ಹೊಲಿಗೆ ಕಲಿಯಲು ಕೂತವರಲ್ಲಿ ಹೆಚ್ಚಿನವರು ರವಿಕೆಯಿಂದ ಶುರುಮಾಡುತ್ತಾರೆ, ಸ್ವಲ್ಪ ದಿನಕ್ಕೇ ಮಷಿನ್‌ಗೆ ಹೊದಿಕೆ ಹೊದಿಸಿಬಿಡುತ್ತಾರೆ. ರವಿಕೆಯಲ್ಲಿ ಡಾಟು, ತೋಳಿನ ಸುತ್ತು, ಕೊರಳ ಪಟ್ಟಿ ಎಲ್ಲವೂ ಬಾಗು ಹೊಲಿಗೆ. ಕಾಲು ಇಂಚು ಆಚೀಚೆ ಆದರೂ ಮೈಮೇಲೆ ಎದ್ದು ಕಾಣುತ್ತದೆ. ಚೀಲಕ್ಕೆ ಆ ಕಾಟವಿಲ್ಲ: ಎಲ್ಲವೂ ನೇರ ಗೆರೆ, ಯಾರ ಮೈಗೂ ಕೂರಬೇಕಿಲ್ಲ. ಚೀಲ ಮುಗಿಸಿ ಲಂಗಕ್ಕೆ ಬಂದರೆ ಓರೆ ಅಂಚನ್ನು ಎಳೆಯದೆ ಹೊಲಿಯುವುದು ಬರುತ್ತದೆ. ರವಿಕೆ ಆಮೇಲೆ. ಇಲ್ಲಿ ಈ ಎರಡನ್ನೇ ಅಳತೆ ಸಮೇತ ಕೊಟ್ಟಿದೆ. ಎರಡಕ್ಕೂ ನೇರ ಹೊಲಿಗೆ ಹಾಕುವ ಸಾದಾ ಮಷಿನ್ ಸಾಕು. ಅಟ್ಟದ ಮೇಲಿರುವ ಕಾಲು ತುಳಿಯುವ ಕಪ್ಪು ಮಷಿನ್ ಇದ್ದರಂತೂ ಇನ್ನೂ ಒಳ್ಳೆಯದು. ದಪ್ಪ ಬಟ್ಟೆಗೆ ಅದು ಎಷ್ಟೋ ಹೊಸ ಹಗುರ ಮಷಿನ್‌ಗಳಿಗಿಂತ ಧೈರ್ಯವಾಗಿ ಸೂಜಿ ಇಳಿಸುತ್ತದೆ.

ಮಷಿನ್ ಮುಂದೆ ಕೂರುವ ಮೊದಲು

ಸೂಜಿಯಿಂದ ಆರಂಭಿಸೋಣ, ಯಾಕೆಂದರೆ ಮಷಿನ್ ಕೆಟ್ಟಿದೆ ಎಂದು ರಿಪೇರಿಗೆ ಒಯ್ದವುಗಳಲ್ಲಿ ಎಷ್ಟೋ ಸಲ ಬದಲಿಸಬೇಕಾದ್ದು ಸೂಜಿ ಮಾತ್ರ. ತೆಳು ಹತ್ತಿಗೆ 11, ಪಾಪ್ಲಿನ್‌ಗೆ 14, ಕ್ಯಾನ್ವಾಸಿಗೆ 16, ಹಿಡಿಕೆ ಸೇರುವ ದಪ್ಪ ಜಾಗಕ್ಕೆ 18 ನಂಬರ್. ಮನೆ ಮಷಿನ್ ಸೂಜಿಯ ತಲೆ ಒಂದು ಕಡೆ ಚಪ್ಪಟೆ ಇರುತ್ತದೆ, ಕಾರ್ಖಾನೆ ಮಷಿನ್ನಿನದು ಪೂರ್ತಿ ದುಂಡಗೆ. ಅಂಗಡಿಯಲ್ಲಿ ಕೇಳುವಾಗಲೇ ಇದನ್ನು ಹೇಳಿ. ಸೂಜಿಯ ಉದ್ದಕ್ಕೂ ಒಂದು ಗೀರು ಇದೆಯಲ್ಲ, ದಾರ ಯಾವ ಕಡೆಯಿಂದ ಕಣ್ಣೊಳಗೆ ಹೋಗುತ್ತದೋ ಆ ಕಡೆಗೆ ಆ ಗೀರು ಇರಬೇಕು. ಚಪ್ಪಟೆ ಮಗ್ಗುಲು ಅದರ ಎದುರು ಕಡೆಗೆ. ಮುಂದಿನಿಂದ ಹಿಂದಕ್ಕೆ ದಾರ ಪೋಣಿಸುವ ಮಷಿನ್‌ನಲ್ಲಿ ಚಪ್ಪಟೆ ಭಾಗ ಹಿಂದೆ, ಬಲದಿಂದ ಎಡಕ್ಕೆ ಪೋಣಿಸುವ ಹಳೆ ಮಷಿನ್‌ನಲ್ಲಿ ಅದು ಎಡಕ್ಕೆ. ತಿರುಗುಮುರುಗಾದರೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ.

ದಾರ ಪಾಲಿಯೆಸ್ಟರ್ ಇರಲಿ. ಹಳೆ ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಹತ್ತಿ ದಾರವನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಪಟ್ಟೆಂದು ಕಡಿದರೆ ಅದು ಕಚ್ಚಾ ಹೊಲಿಗೆಗೆ (ಆಮೇಲೆ ಬಿಚ್ಚಿಹಾಕುವ ತಾತ್ಕಾಲಿಕ ಹೊಲಿಗೆಗೆ) ಮಾತ್ರ.

ಎಣ್ಣೆ ಎಂದರೆ ಮಷಿನ್ ಎಣ್ಣೆಯೇ. ಕೊಬ್ಬರಿ ಎಣ್ಣೆ ಕೆಲವೇ ದಿನದಲ್ಲಿ ಅಂಟಂಟಾಗಿ ಧೂಳು ಹಿಡಿದು ಮಷಿನ್ನನ್ನು ಬಿಗಿ ಮಾಡುತ್ತದೆ. ತೂತಿಗೊಂದು ತೊಟ್ಟು ಬಿಟ್ಟು, ಹಳೆ ಚಿಂದಿಯ ಮೇಲೆ ದಾರವಿಲ್ಲದೆ ಒಂದೆರಡು ನಿಮಿಷ ಓಡಿಸಿ, ಮಿಕ್ಕ ಎಣ್ಣೆ ಚಿಂದಿಗೆ ಬರಲಿ. ಶಟಲ್ (ಅಡಿಯ ದಾರವನ್ನು ಹೊಲಿಗೆಗೆ ಸೇರಿಸುವ ಭಾಗ) ಸುತ್ತ ಕೂತ ನಾರುಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ.

ಟೆನ್ಷನ್, ಅಂದರೆ ದಾರದ ಬಿಗಿ, ನೋಡಲು ಒಂದು ಸುಲಭ ದಾರಿ: ಮೇಲೆ ಕೆಂಪು ದಾರ, ಬಾಬಿನ್‌ಗೆ (ಅಡಿಯ ದಾರದ ಉರುಳೆಗೆ) ಬಿಳಿ ದಾರ ಹಾಕಿ, ನೀವು ಹೊಲಿಯಲಿರುವ ಬಟ್ಟೆಯದೇ ಎರಡು ಪದರದ ಚೂರಿನ ಮೇಲೆ ಹೊಲಿಯಿರಿ. ಅಡಿಯಲ್ಲಿ ಕೆಂಪು ಚುಕ್ಕೆ ಕಂಡರೆ ಮೇಲಿನ ದಾರ ಸಡಿಲ, ಮೇಲೆ ಬಿಳಿ ಕಂಡರೆ ಮೇಲಿನದು ಬಿಗಿ. ಬಾಬಿನ್ ಕೇಸನ್ನು ದಾರ ಹಿಡಿದು ತೂಗಾಡಿಸಿ ಮೆಲ್ಲಗೆ ಜಗ್ಗಿದಾಗ ಒಂದೆರಡು ಇಂಚು ಇಳಿದು ನಿಂತರೆ ಅದರ ಬಿಗಿ ಸರಿಯಿದೆ, ಅದರ ಸ್ಕ್ರೂ ಮುಟ್ಟಬೇಡಿ. ಅಡಿಯಲ್ಲಿ ದಾರ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ನನ್ನೇ ಬೈಯುತ್ತಾರೆ; ನಿಜವಾದ ಕಾರಣ ಬಹುತೇಕ ಮೇಲಿನ ದಾರ ಟೆನ್ಷನ್ ತಟ್ಟೆಗಳ ನಡುವೆ ಕೂತಿಲ್ಲದಿರುವುದು. ಪ್ರೆಸರ್ ಫೂಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಎತ್ತಿ, ದಾರ ಪೂರ್ತಿ ತೆಗೆದು, ಮತ್ತೆ ಪೋಣಿಸಿ. ಕಾಲು ಮಷಿನ್‌ನಲ್ಲಿ ಇನ್ನೊಂದು ಕಾರಣವೂ ಉಂಟು. ಚಕ್ರ ಮೊದಲ ಸುತ್ತಿನಲ್ಲಿ ಹಿಮ್ಮುಖ ತಿರುಗಿದರೆ ದಾರ ಸಿಕ್ಕಿಹಾಕಿಕೊಳ್ಳುತ್ತದೆ. ಕೈಯಿಂದ ಚಕ್ರವನ್ನು ನಿಮ್ಮ ಕಡೆಗೆ ಎಳೆದು ಚಾಲನೆ ಕೊಟ್ಟು, ಆಮೇಲೆ ತುಳಿಯಿರಿ. ಪ್ರತಿ ಹೊಲಿಗೆ ಶುರುಮಾಡುವಾಗ ಎರಡೂ ದಾರದ ತುದಿಗಳನ್ನು ಫೂಟ್ ಹಿಂದಕ್ಕೆ ಎಳೆದು ಬೆರಳಲ್ಲಿ ಹಿಡಿದಿರಬೇಕು.

ಚೀಲಕ್ಕೆ ಬೇಕಾದ್ದು

ಚೀಲದ ಅಳತೆ: ಅಗಲ 14 ಇಂಚು, ಎತ್ತರ 14, ತಳದ ದಪ್ಪ 4. ಒಂದು ವಾರದ ತರಕಾರಿ ಅಥವಾ ಲ್ಯಾಪ್‌ಟಾಪ್ ಜತೆ ಊಟದ ಡಬ್ಬಿ ಹಿಡಿಸುವಷ್ಟು.

– 58 ಇಂಚು ಪನ್ನದ (ಬಟ್ಟೆಯ ಅಗಲ) ಹತ್ತಿ ಕ್ಯಾನ್ವಾಸ್ 1 ಮೀಟರ್, 10 ಔನ್ಸ್ (ಚದರ ಮೀಟರಿಗೆ ಸುಮಾರು 340 ಗ್ರಾಂ)
– ಅಸ್ತರಿಗೆ 44 ಇಂಚು ಪನ್ನದ ಪಾಪ್ಲಿನ್ 1 ಮೀಟರ್
– ಒಂದೂಕಾಲು ಇಂಚು ಅಗಲದ ಹತ್ತಿ ನಿವಾರ ಪಟ್ಟಿ ಒಂದೂವರೆ ಮೀಟರ್
– 8 ಇಂಚಿನ ನೈಲಾನ್ ಜಿಪ್ ಒಂದು

ಹತ್ತು ಔನ್ಸಿಗಿಂತ ದಪ್ಪ ಬೇಡ. 14 ಔನ್ಸ್ ಕೈಗೆ ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ನಾಲ್ಕು ಪದರ ಸೇರುವ ಮೂಲೆಗೆ ಬಂದಾಗ ಮನೆ ಮಷಿನ್ ನಿಂತುಬಿಡುತ್ತದೆ. ಹಿಡಿಕೆಯನ್ನೂ ಬಟ್ಟೆಯಲ್ಲೇ ಮಾಡಬಹುದು: 5 ಇಂಚು ಅಗಲದ ಪಟ್ಟಿಯನ್ನು ನಾಲ್ಕಾಗಿ ಮಡಚಿದರೆ ಒಂದೂಕಾಲು ಇಂಚು. ಆದರೆ ಮೊದಲ ಚೀಲಕ್ಕೆ ನಿವಾರ ಪಟ್ಟಿಯೇ ಜಾಣತನ. ಬಟ್ಟೆ ಹಿಡಿಕೆ ಎಂದರೆ ಅದೇ ನಾಲ್ಕು ಪದರ, ಚೀಲಕ್ಕೆ ಸೇರುವಲ್ಲಿ ಎಂಟರ ಹತ್ತಿರ.

ಗುಳೇದಗುಡ್ಡದ ಖಣದಲ್ಲಿ ಚೀಲ ಹೊಲಿಯುವ ಆಸೆ ಹಲವರಿಗೆ. ಚೆಂದವೂ ಹೌದು. ಆದರೆ ರವಿಕೆಗೆಂದು ನೇಯ್ದ ಬಟ್ಟೆ ಅದು, ಭಾರ ಹೊರುವುದಿಲ್ಲ, ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚುತ್ತಲೇ ಇರುತ್ತದೆ. ಒಳಮೈಗೆ ಪೇಸ್ಟಿಂಗ್ ಬಟ್ಟೆ (ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ) ಅಂಟಿಸಿ, ಅದರ ಹಿಂದೆ ಕ್ಯಾನ್ವಾಸ್ ಇಟ್ಟು ಎರಡನ್ನೂ ಒಂದೇ ಬಟ್ಟೆಯೆಂಬಂತೆ ಸುತ್ತ ಹೊಲಿದುಕೊಳ್ಳಿ. ಪೇಸ್ಟಿಂಗ್ ಅಂಟಿಸುವಾಗ ಇಸ್ತ್ರಿಯನ್ನು ಉಜ್ಜಬಾರದು. ಒಂದು ಕಡೆ ಹತ್ತು ಹನ್ನೆರಡು ಸೆಕೆಂಡು ಒತ್ತಿ ಹಿಡಿದು, ಎತ್ತಿ ಪಕ್ಕಕ್ಕೆ ಇಡಬೇಕು. ಆರುವ ತನಕ ಬಟ್ಟೆ ಅಲ್ಲಾಡಿಸಬಾರದು. ಉಜ್ಜಿದರೆ ಗುಳ್ಳೆ ಏಳುತ್ತದೆ, ಆಮೇಲೆ ಅದು ಕೂರುವುದಿಲ್ಲ.

ಒಗೆದು, ಇಸ್ತ್ರಿ ಮಾಡಿ, ಕತ್ತರಿಸುವುದು

ಕ್ಯಾನ್ವಾಸ್, ಅಸ್ತರು, ನಿವಾರ ಪಟ್ಟಿ ಮೂರನ್ನೂ ಮೊದಲೇ ನೆನೆಸಿ ಒಗೆಯಿರಿ. ಸಾದಾ ಹತ್ತಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ, ಗಂಜಿ ಹಾಕಿದ ಕ್ಯಾನ್ವಾಸ್ ಇನ್ನೂ ಹೆಚ್ಚು. ಒಗೆಯದೆ ಹೊಲಿದರೆ ಮೊದಲ ತೊಳೆತಕ್ಕೆ ಹೊರಗಿನದು ಕುಗ್ಗಿ ಅಸ್ತರು ಬಾಯಿಯಿಂದ ಉಬ್ಬಿ ಹೊರಗೆ ಬರುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬುದನ್ನು ನಂಬಿ ಕೂರಬೇಡಿ. ಬಿಳಿ ಚೂರೊಂದನ್ನು ಜತೆಗೆ ನೆನೆಸಿ. ಅದು ಬಿಳಿಯಾಗೇ ಉಳಿಯುವ ತನಕ ಒಗೆಯಿರಿ. ಕ್ಯಾನ್ವಾಸ್ ಪೂರ್ತಿ ಒಣಗುವ ಮೊದಲೇ, ಇನ್ನೂ ತೇವ ಇರುವಾಗ ಇಸ್ತ್ರಿ ಹಾಕಿ, ಒಣಗಿದ ಮೇಲೆ ಅದರ ಸುಕ್ಕು ಹೋಗಿಸಲು ಬೆವರು ಸುರಿಸಬೇಕು.

ಅಂಗಡಿಯವರು ಕತ್ತರಿಸಿಕೊಟ್ಟ ಅಂಚು ನೇರ ಇರುವುದು ಅಪರೂಪ. ಅಡ್ಡ ಎಳೆಯೊಂದನ್ನು ಪೂರ್ತಿ ಎಳೆದು ತೆಗೆದರೆ ಬಟ್ಟೆಯ ಮೇಲೆ ತೆಳುವಾದ ಗೆರೆ ಬೀಳುತ್ತದೆ, ಅದೇ ನಿಜವಾದ ನೇರ. ಅದರ ಮೇಲೆ ಕತ್ತರಿಸಿ.

ಇಲ್ಲಿಂದ ಮುಂದೆ ಹೊಲಿಗೆ ಮಾರ್ಜಿನ್ (ಬಟ್ಟೆಯ ಅಂಚಿಗೂ ಹೊಲಿಗೆಗೂ ನಡುವಿನ ಜಾಗ) ಎಲ್ಲ ಕಡೆ ಅರ್ಧ ಇಂಚು. ಸೂಜಿಯಿಂದ ಬಲಕ್ಕೆ ಅರ್ಧ ಇಂಚು ಅಳೆದು ಮಷಿನ್ ತಟ್ಟೆಯ ಮೇಲೆ ಒಂದು ತುಂಡು ಟೇಪ್ ಅಂಟಿಸಿಕೊಂಡರೆ ಕಣ್ಣು ಸೂಜಿ ನೋಡುವ ಬದಲು ಟೇಪಿನ ಅಂಚನ್ನು ನೋಡುತ್ತದೆ, ಹೊಲಿಗೆ ತಾನಾಗೇ ನೇರ ಬರುತ್ತದೆ.

ಹೊರಗಿನ ಎರಡು ತುಂಡು: 19 ಇಂಚು ಅಗಲ, 17 ಇಂಚು ಎತ್ತರ. ಲೆಕ್ಕ ಹೀಗೆ: ಅಗಲಕ್ಕೆ 14, ದಪ್ಪಕ್ಕೆ 4, ಎರಡು ಬದಿಯ ಮಾರ್ಜಿನ್‌ಗೆ 1. ಎತ್ತರಕ್ಕೆ 14, ದಪ್ಪದ ಅರ್ಧ 2, ಮೇಲೆ ಕೆಳಗೆ ಸೇರಿ 1. ಬೇರೆ ಅಳತೆಯ ಚೀಲಕ್ಕೂ ಇದೇ ಸೂತ್ರ ನಡೆಯುತ್ತದೆ. ಅಸ್ತರಿನ ಎರಡು ತುಂಡು 19 ಅಗಲ, ಎತ್ತರ ಮಾತ್ರ ಹದಿನಾರೂಮುಕ್ಕಾಲು. ಒಳಗಿರುವ ಚೀಲ ಹೊರಗಿನದಕ್ಕಿಂತ ಕೊಂಚ ಗಿಡ್ಡ ಇದ್ದರೆ ತಳದಲ್ಲಿ ಸುಕ್ಕು ಕಟ್ಟುವುದಿಲ್ಲ. ಜೇಬಿಗೆ ಅಸ್ತರು ಬಟ್ಟೆಯಲ್ಲೇ 9 ಅಗಲ, 18 ಉದ್ದದ ಒಂದು ತುಂಡು. ನಿವಾರ ಪಟ್ಟಿ 27 ಇಂಚಿನವು ಎರಡು.

ನಾಲ್ಕೂ ದೊಡ್ಡ ತುಂಡುಗಳ ಕೆಳಗಿನ ಎರಡು ಮೂಲೆಯಲ್ಲಿ 2 ಇಂಚಿನ ಚೌಕ ಕತ್ತರಿಸಿ ತೆಗೆಯಿರಿ. ಚೌಕವನ್ನು ಬಟ್ಟೆಯ ಅಂಚಿನಿಂದಲೇ ಅಳೆಯಬೇಕು, ಹೊಲಿಗೆ ಗೆರೆಯಿಂದಲ್ಲ. ಗೆರೆಯಿಂದ ಅಳೆದರೆ ತಳ 4 ಇಂಚಿನ ಬದಲು 5 ಇಂಚಾಗಿ, ಚೀಲ ಗಿಡ್ಡಾಗುತ್ತದೆ.

ಜಿಪ್ ಜೇಬು

ಇಡೀ ಚೀಲದಲ್ಲಿ ಕಷ್ಟದ ಭಾಗ ಇದೊಂದೇ. ಅವಸರ ಮಾಡಬೇಡಿ.

ಜೇಬು ತುಂಡಿನ ಒಳಮೈಯಲ್ಲಿ, ಮೇಲಂಚಿನಿಂದ ಒಂದೂವರೆ ಇಂಚು ಕೆಳಗೆ, 7 ಇಂಚು ಉದ್ದ ಅರ್ಧ ಇಂಚು ಎತ್ತರದ ಕಿಟಕಿ ಬರೆಯಿರಿ. ಅದರ ನಟ್ಟನಡುವೆ ಉದ್ದಕ್ಕೆ ಒಂದು ಗೆರೆ. ಎರಡೂ ತುದಿಯಲ್ಲಿ ಅರ್ಧ ಇಂಚು ಉಳಿದಿರುವಾಗ ಆ ಗೆರೆ ಕವಲೊಡೆದು ಎರಡೂ ಮೂಲೆಗೆ ಹೋಗಬೇಕು. ಅಸ್ತರಿನ ಒಂದು ತುಂಡಿನ ಹೊರಮೈ ಮೇಲೆ ಈ ತುಂಡನ್ನು ಬೋರಲು ಇಡಿ. ಕಿಟಕಿಯ ಮೇಲ್ಗೆರೆ ಅಸ್ತರಿನ ಮೇಲಂಚಿನಿಂದ 3 ಇಂಚು ಕೆಳಗೆ, ಎಡಬಲ ಸಮವಾಗಿ. ಕಿಟಕಿಯ ಸುತ್ತ ಸಣ್ಣ ಹೊಲಿಗೆ ಹಾಕಿ, ಇಂಚಿಗೆ 14ರಂತೆ. ಮೂಲೆಯಲ್ಲಿ ಸೂಜಿ ಕೆಳಗಿಟ್ಟು ಬಟ್ಟೆ ತಿರುಗಿಸಿ.

ಈಗ ನಡುಗೆರೆಯ ಮೇಲೆ ಎರಡೂ ಪದರ ಕತ್ತರಿಸಿ, ಮೂಲೆಯ ಹೊಲಿಗೆಗೆ ಒಂದೆರಡು ಎಳೆ ಇರುವಷ್ಟು ಹತ್ತಿರಕ್ಕೆ ಕತ್ತರಿ ಒಯ್ಯಿರಿ. ಇಲ್ಲಿ ಹೆದರಿ ದೂರದಲ್ಲೇ ನಿಲ್ಲಿಸಿದರೆ ತಿರುಗಿಸಿದಾಗ ಮೂಲೆಯಲ್ಲಿ ಗೆರೆಗೆರೆ ಸುಕ್ಕು. ಹೊಲಿಗೆಯನ್ನೇ ಕತ್ತರಿಸಿದರೆ ತೂತು. ತೂತಿಗೆ ಅಂಟು ಹಾಕಿ ತೇಪೆ ಹಚ್ಚಬಹುದು, ಆದರೆ ಕಾಣದೆ ಇರುವುದಿಲ್ಲ. ಜೇಬು ತುಂಡನ್ನು ಪೂರ್ತಿ ಕಿಟಕಿಯೊಳಗೆ ತೂರಿಸಿ ಹಿಂದಕ್ಕೆ ಎಳೆದು, ಅಂಚನ್ನು ಬೆರಳಲ್ಲಿ ಉರುಳಿಸಿ, ಜೇಬು ಬಟ್ಟೆ ಮುಂದೆ ಇಣುಕದಂತೆ ಇಸ್ತ್ರಿ ಹಾಕಿ. ಜಿಪ್ಪನ್ನು ಹಿಂದೆ ಇಟ್ಟು ಕಚ್ಚಾ ಹೊಲಿಗೆ ಹಾಕಿಕೊಂಡು, ಮುಂದಿನಿಂದ ಕಿಟಕಿಯ ಸುತ್ತ ಅಂಚಿಗೆ ಹತ್ತಿರ ಹೊಲಿಯಿರಿ. ರನ್ನರ್ ಅಡ್ಡ ಬಂದಾಗ ಸೂಜಿ ಇಳಿಸಿ, ಫೂಟ್ ಎತ್ತಿ, ರನ್ನರನ್ನು ಫೂಟ್ ಹಿಂದಕ್ಕೆ ಸರಿಸಿ ಮುಂದುವರಿಯಬೇಕು. ಒಂದೇ ಬದಿ ಇರುವ ಜಿಪ್ ಫೂಟ್ ಇದ್ದರೆ ಇನ್ನೂ ಸಲೀಸು. ಜಿಪ್‌ನ ಎರಡು ತುದಿಯಲ್ಲಿ ಹಲ್ಲಿನ ಮೇಲೆ ಹಾಯುವಾಗ ಚಕ್ರವನ್ನು ಕೈಯಲ್ಲೇ ತಿರುಗಿಸಿ. ನೈಲಾನ್ ಸುರುಳಿಯ ನಡುವೆ ಸೂಜಿ ದಾರಿ ಮಾಡಿಕೊಳ್ಳುತ್ತದೆ; ಲೋಹದ ಜಿಪ್ ಆಗಿದ್ದರೆ ಸೂಜಿ ಮುರಿದು ಕಣ್ಣಿಗೆ ಹಾರುತ್ತದೆ.

ಜೇಬು ತುಂಡಿನ ಕೆಳಗಿನ ಅಂಚನ್ನು ಮೇಲಕ್ಕೆ ಮಡಚಿ ಮೇಲಂಚಿಗೆ ಸೇರಿಸಿ, ಅಸ್ತರನ್ನು ಪಕ್ಕಕ್ಕೆ ಸರಿಸಿ, ಜೇಬಿನ ಎರಡೇ ಪದರವನ್ನು ಮೂರು ಕಡೆ ಹೊಲಿಯಿರಿ. ಸುಮಾರು 7 ಇಂಚು ಆಳ ಸಿಗುತ್ತದೆ, ಫೋನು ನಿಲ್ಲುತ್ತದೆ.

ಚೀಲ ಕೂಡಿಸುವುದು

ಕ್ಯಾನ್ವಾಸಿನ ಎರಡು ತುಂಡನ್ನು ಹೊರಮೈ ಒಳಗಾಗಿ ಜೋಡಿಸಿ ಎರಡು ಬದಿ, ತಳ ಹೊಲಿಯಿರಿ. ಮೂಲೆ ಚೌಕಗಳನ್ನು ಹಾಗೇ ಬಿಡಿ. ಇಂಚಿಗೆ ಎಂಟು ಹೊಲಿಗೆ ಸಾಕು, ದಪ್ಪ ಬಟ್ಟೆಯಲ್ಲಿ ಸಣ್ಣ ಹೊಲಿಗೆ ಹಾಕಿದರೆ ತೂತುಗಳ ಸಾಲಿನ ಮೇಲೇ ಬಟ್ಟೆ ಹರಿಯುತ್ತದೆ. ಬದಿ ಮತ್ತು ತಳವನ್ನು ಎರಡು ಸಾಲು ಹೊಲಿದರೆ ಭಾರಕ್ಕೆ ಒಳ್ಳೆಯದು. ಮಾರ್ಜಿನ್ನನ್ನು ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಹಾಕಿ. ಈಗ ಮೂಲೆಯ ಚೌಕವನ್ನು ಎಳೆದು ಚಪ್ಪಟೆ ಮಾಡಿ, ಬದಿಯ ಹೊಲಿಗೆ ತಳದ ಹೊಲಿಗೆಯ ಮೇಲೆ ಸರಿಯಾಗಿ ಕೂರುವಂತೆ ಪಿನ್ ಚುಚ್ಚಿ ಅಡ್ಡ ಹೊಲಿಯಿರಿ. ಇದೇ 4 ಇಂಚಿನ ತಳ.

ದಪ್ಪ ದಿಬ್ಬದ ಮೇಲೆ ಫೂಟ್ ಹತ್ತುವಾಗ ಅದು ಓರೆಯಾಗಿ ನಿಂತು ಹೊಲಿಗೆ ಒಂದೇ ಜಾಗದಲ್ಲಿ ಬೀಳುತ್ತದೆ. ಫೂಟ್ ಹಿಂದೆ, ಅದರ ಅಡಿಗೆ, ಅದೇ ದಪ್ಪಕ್ಕೆ ಮಡಚಿದ ರಟ್ಟಿನ ಚೂರು ಇಟ್ಟು ಸಮ ಮಾಡಿ. ಬಟ್ಟೆಯನ್ನು ಹಿಂದಿನಿಂದ ಜಗ್ಗಬೇಡಿ, ಸೂಜಿ ಬಾಗಿ ತಟ್ಟೆಗೆ ಬಡಿಯುತ್ತದೆ.

ಅಸ್ತರನ್ನೂ ಹೀಗೆಯೇ, ಆದರೆ ತಳದ ನಡುವೆ 5 ಇಂಚು ಹೊಲಿಯದೆ ಬಿಡಿ. ಚೀಲವನ್ನು ಮಗುಚಲು ಆ ಕಂಡಿ ಬೇಕು. ನಾಲ್ಕು ಇಂಚಿಗಿಂತ ಕಡಿಮೆ ಬಿಟ್ಟರೆ ಕ್ಯಾನ್ವಾಸ್ ಹೊರಗೆ ಬರುವಷ್ಟರಲ್ಲಿ ಪಕ್ಕದ ಹೊಲಿಗೆ ಬಿಟ್ಟುಹೋಗುತ್ತದೆ.

ಕ್ಯಾನ್ವಾಸ್ ಚೀಲವನ್ನು ಹೊರಮೈ ಕಾಣುವಂತೆ ತಿರುಗಿಸಿ. ಮುಂದಿನ ತುಂಡಿನ ಮೇಲಂಚಿನ ನಡುಬಿಂದುವಿನಿಂದ ಎಡಕ್ಕೆ ಮೂರೂವರೆ, ಬಲಕ್ಕೆ ಮೂರೂವರೆ ಇಂಚು ಗುರುತು. ಪಟ್ಟಿಯ ನಡು ಆ ಗುರುತಿಗೆ ಬರಲಿ. ಪಟ್ಟಿಯ ಬಳುಕು ಕೆಳಗೆ ಇಳಿಬಿದ್ದಿರಬೇಕು, ತುದಿಗಳು ಮೇಲಂಚಿನಿಂದ 1 ಇಂಚು ಮೇಲಕ್ಕೆ ಚಾಚಿರಬೇಕು. ಕಾಲು ಇಂಚಿನಲ್ಲಿ ಹೊಲಿದು ನಿಲ್ಲಿಸಿ. ಹಿಂದಿನ ತುಂಡಿಗೂ ಹಾಗೇ. ಪಟ್ಟಿ ತಿರುಚಿಕೊಂಡಿಲ್ಲವೇ ಎಂದು ಈಗಲೇ ನೋಡಿ.

ಒಳಮೈ ಹೊರಗಿರುವ ಅಸ್ತರಿನೊಳಗೆ ಕ್ಯಾನ್ವಾಸ್ ಚೀಲ ಇಳಿಸಿ. ಬದಿ ಹೊಲಿಗೆ ಬದಿ ಹೊಲಿಗೆಗೆ, ಹಿಡಿಕೆಗಳು ನಡುವೆ. ಬಾಯಿಯ ಸುತ್ತ ಅರ್ಧ ಇಂಚಿನಲ್ಲಿ ಹೊಲಿದು, ಹಿಡಿಕೆ ಇರುವಲ್ಲಿ ಇನ್ನೊಂದು ಸಾಲು. ಕಂಡಿಯಿಂದ ಮಗುಚಿ ಎಳೆದು, ಕಂಡಿ ಹೊಲಿದು ಮುಚ್ಚಿ, ಅಸ್ತರನ್ನು ಒಳಗಿಳಿಸಿ. ಒಳಗಿನ ಮಾರ್ಜಿನ್ ಮತ್ತು ಪಟ್ಟಿಯ ತುದಿಗಳು ಎರಡು ಪದರದ ನಡುವೆ ಕೆಳಮುಖವಾಗಿ ಕೂತಿರಬೇಕು. ಚೆನ್ನಾಗಿ ಇಸ್ತ್ರಿ ಹಾಕಿ ಬಾಯಿಯ ಸುತ್ತ ಕಾಲು ಇಂಚಿನಲ್ಲಿ ಮೇಲ್ಹೊಲಿಗೆ. ಆಮೇಲೆ 18 ನಂಬರ್ ಸೂಜಿ ಹಾಕಿ ಪ್ರತಿ ಪಟ್ಟಿಯ ನೇರ ಕೆಳಗೆ, ಅಡಗಿರುವ ತುದಿಯನ್ನು ಹಿಡಿಯುವಂತೆ, 1 ಇಂಚು ಅಗಲ ಒಂದೂಕಾಲು ಇಂಚು ಎತ್ತರದ ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಓರೆ ಗೆರೆ. ಅಂಗಡಿ ಚೀಲಗಳ ಕಿವಿ ಕಿತ್ತುಬರುವುದು ಈ ಚೌಕ ಇಲ್ಲದ್ದಕ್ಕೆ. ಅರ್ಧ ಇಂಚಿನ ಮಾರ್ಜಿನ್ ಮೇಲೆ ಐದು ಕಿಲೋ ಅಕ್ಕಿ ತೂಗಿದರೆ ಇನ್ನೇನಾದೀತು.

ಲಂಗ

ಸೀರೆಯ ಒಳಗೆ ತೊಡುವ ಆರು ಕಲಿಯ ಲಂಗ. ಕಲಿ ಎಂದರೆ ಮೇಲೆ ಕಿರಿದು, ಕೆಳಗೆ ಅಗಲವಾದ ಬಟ್ಟೆಯ ತುಂಡು. ಸೊಂಟ 32 ಇಂಚು, ಉದ್ದ 38 ಇಂಚಿಗೆ ಲೆಕ್ಕ ಕೊಟ್ಟಿದೆ. 44 ಪನ್ನದ ಪಾಪ್ಲಿನ್ ಎರಡೂಕಾಲು ಮೀಟರ್. ಒಗೆದ ಮೇಲೆ ಅಡ್ಡಕ್ಕೆ ಮಡಚಿ 38 ಇಂಚು ಉದ್ದದ ಎರಡು ಪದರ ಮಾಡಿ. ಒಂದು ಕಲಿ ಮೇಲೆ 7, ಕೆಳಗೆ 15, ಉದ್ದ 38. ಮೇಲಿನ 7 ಹೇಗೆ ಬಂತೆಂದರೆ, ಸೊಂಟಕ್ಕೆ 4 ಕೂಡಿಸಿ ಆರರಿಂದ ಭಾಗಿಸಿದರೆ 6, ಮಾರ್ಜಿನ್ 1. ಒಂದು ಕಲಿ ನೆಟ್ಟಗೆ, ಪಕ್ಕದ್ದು ತಲೆಕೆಳಗು, ಮತ್ತೊಂದು ನೆಟ್ಟಗೆ ಇಟ್ಟರೆ 37 ಇಂಚಿನಲ್ಲಿ ಮೂರು ಕೂರುತ್ತವೆ; ಎರಡು ಪದರ ಸೇರಿ ಆರು. ಪಕ್ಕದಲ್ಲಿ ಉಳಿಯುವ ಪಟ್ಟಿಯಲ್ಲಿ 37 ಉದ್ದ, 4 ಅಗಲದ ಸೊಂಟಪಟ್ಟಿ ಬರುತ್ತದೆ.

ಕಲಿಗಳ ಬದಿ ಓರೆ ಅಂಚು, ಕೈ ತಾಗಿದರೆ ಸಾಕು ಹಿಗ್ಗುತ್ತದೆ. ಎರಡು ಕಲಿಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಪಿನ್ ಹಾಕಿ, ಕೆಳಗಿನ ಅಗಲದಿಂದ ಸೊಂಟದ ಕಡೆಗೆ ಹೊಲಿಯುತ್ತ ಬನ್ನಿ. ಇಂಚಿಗೆ ಹತ್ತರಿಂದ ಹನ್ನೆರಡು ಹೊಲಿಗೆ. ಇಂಟರ್‌ಲಾಕ್ (ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಮಷಿನ್) ಇಲ್ಲದವರಿಗೆ ಫ್ರೆಂಚ್ ಹೊಲಿಗೆ ಇದೆ: ಮೊದಲು ಒಳಮೈ ಒಳಗಾಗಿ ಜೋಡಿಸಿ ಕಾಲು ಇಂಚಿನಲ್ಲಿ ಹೊಲಿದು, ಅಂಚನ್ನು ಅರ್ಧಕ್ಕೆ ಕತ್ತರಿಸಿ, ಮಗುಚಿ, ಇಸ್ತ್ರಿ ಹಾಕಿ, ಮತ್ತೆ ಕಾಲು ಇಂಚಿನಲ್ಲಿ ಹೊಲಿದರೆ ಎಳೆಗಳೆಲ್ಲ ಒಳಗೆ ಬಂದಿ. ಐದು ಜೋಡಣೆ ಹೀಗೆ. ಆರನೆಯದನ್ನು ಸಾದಾ ಹೊಲಿಯಿರಿ, ಮೇಲಿನ 7 ಇಂಚು ತೆರೆದಿರಲಿ. ಮಾರ್ಜಿನ್ನನ್ನು ಎರಡೂ ಕಡೆ ಬಿಡಿಸಿ, ಅಂಚನ್ನು ಕಾಲು ಇಂಚು ಒಳಮಡಚಿ, ಕೆಳಗಿನಿಂದ ಮೇಲಿನವರೆಗೆ ಹೊಲಿದರೆ ಸೀಳಿನ ಅಂಚೂ ಅದರಲ್ಲೇ ಮುಗಿಯುತ್ತದೆ. ಸೀಳಿನ ಬುಡಕ್ಕೆ ನಾಲ್ಕೈದು ಸಲ ಅಡ್ಡ ಹೊಲಿಗೆ ಹಾಕಿ, ಲಂಗ ಹರಿಯುವುದು ಅಲ್ಲಿಂದಲೇ.

ಸೊಂಟಪಟ್ಟಿಯ ಎರಡೂ ತುದಿ ಅರ್ಧ ಇಂಚು ಮಡಚಿ ಹೊಲಿದುಕೊಳ್ಳಿ. ಪಟ್ಟಿಯ ಹೊರಮೈಯನ್ನು ಲಂಗದ ಒಳಮೈಗೆ ಸೇರಿಸಿ ಹೊಲಿದು, ಮುಂದಕ್ಕೆ ಮಗುಚಿ, ಅರ್ಧ ಇಂಚು ಒಳಮಡಚಿ ಮೇಲೆ ಹೊಲಿದರೆ ಲಾಡಿ ತೂರಿಸಲು ಒಂದೂವರೆ ಇಂಚಿನ ನಾಳ. ಮುಂದಿನಿಂದ ಕೊನೆಯ ಹೊಲಿಗೆ ಹಾಕುವುದರಿಂದ ಅದು ನೇರ ಬರುತ್ತದೆ, ಹಿಂದಿನ ಅಂಚು ತಪ್ಪಿಹೋಗುವ ಭಯವಿಲ್ಲ. ಲಾಡಿ ಒಂದೂಮುಕ್ಕಾಲು ಮೀಟರ್, ಸೇಫ್ಟಿ ಪಿನ್ ಕಟ್ಟಿ ತೂರಿಸಿ. ನಾಳದ ಹಿಂಬದಿ ನಡುವಲ್ಲಿ ಲಾಡಿಯ ಮೇಲೆ ಒಂದು ಅಡ್ಡ ಹೊಲಿಗೆ ಹಾಕಿದರೆ ಒಗೆಯುವಾಗ ಅದು ಕಳಚಿಕೊಳ್ಳುವುದಿಲ್ಲ.

ಕೆಳಗಿನ ಅಂಚು ಮಡಚುವ ಮೊದಲು ಲಂಗವನ್ನು ಒಂದು ರಾತ್ರಿ ಸೊಂಟದಿಂದ ತೂಗುಹಾಕಿ. ಓರೆ ಬದಿಗಳು ತಮ್ಮ ಭಾರಕ್ಕೆ ಇಳಿಯುತ್ತವೆ. ಅಲ್ಲದೆ ಕಲಿಯ ಬದಿಯ ಗೆರೆ ನಡುವಿನ ಗೆರೆಗಿಂತ ಹೆಚ್ಚುಕಡಿಮೆ ಕಾಲು ಇಂಚು ಉದ್ದ, ಹಾಗಾಗಿ ಪ್ರತಿ ಜೋಡಣೆಯಲ್ಲೂ ಸಣ್ಣ ಮೊನೆ ಇಳಿಬಿದ್ದಿರುತ್ತದೆ. ಬೆಳಿಗ್ಗೆ ಆ ಮೊನೆಗಳನ್ನು ದುಂಡಗೆ ಸವರಿ, ಮೊದಲು ಕಾಲು ಇಂಚು, ಮತ್ತೆ ಮುಕ್ಕಾಲು ಇಂಚು ಮಡಚಿ ಇಸ್ತ್ರಿ ಹಾಕಿ ಹೊಲಿಯಿರಿ. ಬಾಗು ಅಂಚಿನಲ್ಲಿ ಬಟ್ಟೆ ಹೆಚ್ಚಾಗಿ ಗುಡ್ಡೆಯಾದರೆ ಮಡಿಕೆಯನ್ನು ಅರ್ಧ ಇಂಚಿಗೆ ಇಳಿಸಿ. ಉದ್ದ ಕಾಲು ಇಂಚು ಹೆಚ್ಚಾಗುತ್ತದೆ, ಸೀರೆಯ ಕೆಳಗೆ ಅದು ಕಾಣುವುದಿಲ್ಲ.